ರೋಮಿನ ಹಾಳು ಗುಡಿಗಳಲ್ಲಿ ಬೆಕ್ಕುಗಳ ಬಿಡಾರ

ಜೂಬಿಲಿ ವರ್ಷವಾದ 2025ರ ಅಕ್ಟೋಬರ್ ತಿಂಗಳಲ್ಲಿ ಕಾಸರಗೋಡು ಕಡೆಯ ಕೆಲವು ಧರ್ಮಕೇಂದ್ರಗಳಿಂದ ನಾವು ಮೂವತ್ತೆರಡು ಮಂದಿ ರೋಮ್ ಯಾತ್ರೆಗೆ ಹೋಗಿದ್ದೆವು. ನಾಲ್ಕು ಮಹಾದೇವಾಲಯಗಳ ಪವಿತ್ರ ದ್ವಾರಗಳನ್ನು ದಾಟಿ ಬಂದ ಆ ಯಾತ್ರೆಯ ಕುರಿತು ಬರೆಯಲು ಬಹಳಷ್ಟಿದೆ. ಆದರೆ ನಾನಿಲ್ಲಿ ಹೇಳಹೊರಟಿರುವುದು ನಮ್ಮ ಯಾತ್ರೆಯ ಪಟ್ಟಿಯಲ್ಲೇ ಇಲ್ಲದ ಒಂದು ಜಾಗದ ಬಗ್ಗೆ.

ಮೂರನೆಯ ದಿನ ಬೆಳಿಗ್ಗೆ ಯೇಸು ಸಭೆಯ ಮಾತೃದೇವಾಲಯವಾದ ‘ಜೆಸು’ ಇಗರ್ಜಿಗೆ ಹೋದೆವು. ಎಡಬದಿಯಲ್ಲಿ ಸಂತ ಇಗ್ನೇಷಿಯಸ್ ಲೊಯೋಲರ ಸಮಾಧಿ. ಅದರ ಎದುರಿಗೆ, ಬಲಬದಿಯ ಪೀಠದಲ್ಲಿ, ಸಂತ ಫ್ರಾನ್ಸಿಸ್ ಝೇವಿಯರರ ಕೈ. ಹಳೆ ಗೋವೆಯಲ್ಲಿರುವ ಅವರ ಪವಿತ್ರ ಶರೀರದಿಂದ 1614ರಲ್ಲಿ ಬೇರ್ಪಡಿಸಿ ರೋಮಿಗೆ ಕಳುಹಿಸಿದ ಬಲಗೈ ಅದು. ಗೋವೆಗೆ ಹೋಗಿ ಬಂದಿದ್ದ ನಮ್ಮವರಿಗೆ ದೂರದೂರಿನಲ್ಲಿ ಮನೆಯ ಹಿರಿಯರನ್ನು ಕಂಡಷ್ಟು ಸಂತೋಷವಾಯಿತು. ಸಾವಿರಾರು ಜನರಿಗೆ ಜ್ಞಾನಸ್ನಾನ ಕೊಟ್ಟ ಆ ಕೈಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದೆವು.

ಹೊರಗೆ ಬಂದಾಗ ಗೈಡ್ ನಮಗೆ ಒಂದು ಗಂಟೆ ಬಿಡುವು ಕೊಟ್ಟರು. ಐದಾರು ನಿಮಿಷ ನಡೆದರೆ ‘ಲಾರ್ಗೊ ದಿ ತೊರ್ರೆ ಅರ್ಜೆಂತೀನಾ’ ಎಂಬ ಚೌಕ ಸಿಗುತ್ತದೆ. ಸುತ್ತಲೂ ಬಸ್ಸು, ಟ್ರಾಮ್‌ಗಳ ಗದ್ದಲ. ನಡುವೆ ರಸ್ತೆಗಿಂತ ಬಹಳ ಕೆಳಗೆ, ಮುರಿದ ಕಂಬಗಳ ಒಂದು ದೊಡ್ಡ ಹೊಂಡ. 1920ರ ದಶಕದ ಕೊನೆಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿದಾಗ ಬೆಳಕಿಗೆ ಬಂದ ನಾಲ್ಕು ಪ್ರಾಚೀನ ರೋಮನ್ ಗುಡಿಗಳ ಅವಶೇಷವದು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನನ್ನು ಇರಿದು ಕೊಂದ ಸಭಾಭವನದ ಅಡಿಪಾಯವೂ ಇಲ್ಲಿಯೇ ಇದೆ.

ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದ ನಮ್ಮ ಗುಂಪಿನ ಹಿರಿಯ ಆಂಟಿಯೊಬ್ಬರು, “ಅಗೋ, ಅಲ್ಲಿ ಬೆಕ್ಕು!” ಎಂದರು. ಒಂದಲ್ಲ, ಹಲವು. ಕಂಬದ ಬುಡದಲ್ಲಿ ಒಂದು, ಮೆಟ್ಟಿಲ ಮೇಲೆ ಎರಡು, ಹುಲ್ಲಿನಲ್ಲಿ ಬಿಸಿಲು ಕಾಯುತ್ತ ಮತ್ತೊಂದು. ಸೀಸರ್ ಸತ್ತ ಜಾಗದಲ್ಲಿ ಅವು ನೆಮ್ಮದಿಯಾಗಿ ಮೈ ನೆಕ್ಕಿಕೊಳ್ಳುತ್ತಿದ್ದವು.

ಚೌಕದ ಮೂಲೆಯಲ್ಲಿ ಮೆಟ್ಟಿಲಿಳಿದರೆ ಬೆಕ್ಕುಗಳ ಆಶ್ರಯತಾಣ. ಇಂತಹ ಬೆಕ್ಕುಗಳಿಗೆ ಊಟ ಹಾಕುವ ಹೆಂಗಸರನ್ನು ರೋಮಿನಲ್ಲಿ ‘ಗತ್ತಾರೆ’ ಎನ್ನುತ್ತಾರೆ. ಅಂಥವರು ಕೆಲವರು ಸೇರಿ 1993ರಲ್ಲಿ ಇಲ್ಲಿ ವ್ಯವಸ್ಥಿತವಾಗಿ ಕೆಲಸ ಆರಂಭಿಸಿದರು. ಈಗಲೂ ಸ್ವಯಂಸೇವಕರೇ ಗೂಡು ತೊಳೆಯುತ್ತಾರೆ, ಔಷಧಿ ಕೊಡುತ್ತಾರೆ, ದಾನದಿಂದಲೂ ಚಿಕ್ಕ ಅಂಗಡಿಯ ಮಾರಾಟದಿಂದಲೂ ಖರ್ಚು ನಿಭಾಯಿಸುತ್ತಾರೆ. 2012ರಲ್ಲಿ, ಪ್ರಾಚೀನ ಅವಶೇಷಗಳ ಜಾಗದಲ್ಲಿ ಇದು ಇರಕೂಡದೆಂದು ಪುರಾತತ್ವ ಅಧಿಕಾರಿಗಳು ತೆರವಿಗೆ ಹೊರಟಿದ್ದರು. ಜನರ ಬೆಂಬಲದಿಂದ ಅದು ಉಳಿಯಿತು. 2023ರಲ್ಲಿ ಪ್ರವಾಸಿಗರಿಗಾಗಿ ಗುಡಿಗಳ ಸುತ್ತ ನಡೆದಾಡುವ ದಾರಿ ನಿರ್ಮಿಸಿದಾಗಲೂ ಬೆಕ್ಕುಗಳು ತಮ್ಮ ಜಾಗ ಬಿಡಲಿಲ್ಲ.

ಅವರ ಕೆಲಸದ ಕ್ರಮ ಸರಳ. ಬೀದಿಬೆಕ್ಕನ್ನು ಬೋನಿನಲ್ಲಿ ಹಿಡಿದು, ವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ. ಚಿಕಿತ್ಸೆಯಾದ ಬೆಕ್ಕಿನ ಗುರುತಿಗಾಗಿ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು. ಮನುಷ್ಯರಿಗೆ ಒಗ್ಗದ ದೊಡ್ಡ ಬೆಕ್ಕನ್ನು ಮರಳಿ ಅದರ ಜಾಗದಲ್ಲೇ ಬಿಡುತ್ತಾರೆ. ಅದನ್ನು ಬೇರೆಡೆ ಸಾಗಿಸಿದರೆ ಆ ಜಾಗಕ್ಕೆ, ಅಲ್ಲಿನ ಊಟಕ್ಕೆ, ಹೊಸ ಬೆಕ್ಕುಗಳು ಬಂದು ಸೇರುತ್ತವೆ. ಎಳೆಯ ಮರಿಗಳ ವಿಷಯ ಬೇರೆ. ಏಳೆಂಟು ವಾರದೊಳಗೆ ಕೈಯಲ್ಲಿ ಎತ್ತಿ ಆಡಿಸಿದರೆ ಅವು ಬೇಗ ಪಳಗುತ್ತವೆ. ಅಂತಹವನ್ನು ಒಳ್ಳೆಯ ಮನೆಗಳಿಗೆ ಕೊಡುತ್ತಾರೆ. ಕುರುಡು, ಕುಂಟು ಬೆಕ್ಕುಗಳಿಗೆ ಅಲ್ಲೇ ಆಸರೆ. ಮನೆಗೆ ಒಯ್ಯಲಾಗದವರು ದೂರದಿಂದಲೇ ಒಂದು ಬೆಕ್ಕಿನ ಖರ್ಚು ವಹಿಸಿಕೊಳ್ಳಬಹುದು. ಇಟಲಿಯಲ್ಲಿ 1991ರ ಕಾನೂನೊಂದು ಬೀದಿಬೆಕ್ಕುಗಳನ್ನು ಹಿಂಸಿಸುವುದನ್ನು ನಿಷೇಧಿಸಿ, ಸಂತಾನಹರಣ ಮಾಡಿ ಅವುಗಳ ಗುಂಪಿಗೇ ಮರಳಿಸಬೇಕೆಂದು ಹೇಳುತ್ತದೆ.

ಒಕ್ಕಣ್ಣಿನ ಕಪ್ಪು ಬೆಕ್ಕೊಂದು ಬಂದು ನನ್ನ ಕಾಲಿಗೆ ಉಜ್ಜಿಕೊಂಡಿತು. ಆಗ ನನಗೆ ನೆನಪಾದದ್ದು ಒಂದು ಗೋಣಿಚೀಲ.

ನನಗೆ ಹತ್ತು ವರ್ಷವಿರಬಹುದು. ಅಟ್ಟದಲ್ಲಿ ಬೆಕ್ಕು ನಾಲ್ಕು ಮರಿ ಹಾಕಿತ್ತು. ವರ್ಷಕ್ಕೆ ಎರಡು ಸಲ ಇದೇ ಕತೆ. ಅಮ್ಮ ಮರಿಗಳನ್ನು ಗೋಣಿಯಲ್ಲಿ ಹಾಕಿ, “ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬಾ, ಅಲ್ಲಿ ತಿನ್ನಲು ಸಿಗುತ್ತದೆ” ಎಂದರು. ಬಿಟ್ಟು ಬಂದೆ. ಮರುದಿನ ಶಾಲೆಗೆ ಹೋಗುವಾಗ ಆ ದಾರಿಯಲ್ಲಿ ನೋಡಿದ್ದನ್ನು ಇಲ್ಲಿ ಬರೆಯಲಾರೆ. ಎಷ್ಟೋ ಪಾಪನಿವೇದನೆಗಳನ್ನು ಮಾಡಿದ್ದೇನೆ, ಇದನ್ನು ಮಾತ್ರ ಯಾರಲ್ಲೂ ಹೇಳಿರಲಿಲ್ಲ.

ಮೆಟ್ಟಿಲು ಹತ್ತುವಾಗ ಆಂಟಿ ಕೇಳಿದರು: “ನಮ್ಮೂರಿನಲ್ಲಿ ಮನುಷ್ಯರಿಗೇ ಔಷಧಿಗೆ ದುಡ್ಡಿಲ್ಲ. ಬೆಕ್ಕಿಗೆ ಇಷ್ಟೆಲ್ಲ ಬೇಕಾ?” ನ್ಯಾಯವಾದ ಪ್ರಶ್ನೆ. ನಮ್ಮೊಂದಿಗಿದ್ದ ಫಾದರ್ ಉತ್ತರಿಸಿದರು. ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ, ಅವುಗಳನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು ನಮ್ಮ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸರಿಯಲ್ಲ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. “ಎರಡನ್ನೂ ಒಟ್ಟಿಗೆ ಓದಬೇಕು. ಒಂದು ಸಲದ ಚಿಕಿತ್ಸೆಯಿಂದ ಹತ್ತಾರು ಮರಿಗಳ ನರಳಾಟ ತಪ್ಪುವುದಾದರೆ ಅದು ದುಂದುವೆಚ್ಚ ಅಲ್ಲ” ಎಂದರು.

ಊರಿಗೆ ಮರಳಿದ ಮೇಲೆ ನಮ್ಮ ಇಗರ್ಜಿಯ ಸಭಾಂಗಣದ ಹಿಂದೆ, ಅಡುಗೆಮನೆಯ ಮಗ್ಗುಲಲ್ಲಿ, ಒಂದು ಬೆಕ್ಕು ಮೂರು ಮರಿಗಳೊಂದಿಗೆ ಕಂಡಿತು. ಮೊದಲೂ ಇದ್ದಿರಬೇಕು, ನಾವು ನೋಡಿರಲಿಲ್ಲ. ಬೋನು ಎಲ್ಲಿಂದ ತರುವುದು? ಹಳೆಯ ಕೋಳಿಗೂಡಿನಲ್ಲಿ ಬೂತಾಯಿ ಮೀನು ಇಟ್ಟು ಕಾದೆವು. ಎರಡು ದಿನ ಹತ್ತಿರ ಸುಳಿಯದ ಬೆಕ್ಕು ಮೂರನೆಯ ಸಂಜೆ ಒಳಗೆ ಬಂತು. ಮರಿಗಳು ಹಾಲು ಬಿಟ್ಟ ಬಳಿಕ ಪೇಟೆಯ ಪಶುವೈದ್ಯರು ತಾಯಿಗೆ ಚಿಕಿತ್ಸೆ ಮಾಡಿದರು. ಖರ್ಚನ್ನು ಮೂರು ಮನೆಯವರು ಹಂಚಿಕೊಂಡೆವು. ಒಂದು ಮರಿ ಉಳಿಯಲಿಲ್ಲ. ಒಂದು ಧರ್ಮಭಗಿನಿಯರ ಕಾನ್ವೆಂಟಿನಲ್ಲಿ ಇಲಿ ಕಾಯುತ್ತಿದೆ. ಇನ್ನೊಂದು ನಮ್ಮ ಮನೆಯಲ್ಲಿದೆ. ತಾಯಿಬೆಕ್ಕು ಸಭಾಂಗಣದ ಹಿಂದೆಯೇ ಇದೆ.

ಇಂಥ ಕೆಲಸಕ್ಕೆ ಇಳಿಯುವವರು ಒಂದೆರಡು ವಿಷಯ ನೆನಪಿಡಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಪಡೆಯಬೇಕು. ಹೆಣ್ಣುಮರಿ ಐದಾರು ತಿಂಗಳಲ್ಲೇ ಗರ್ಭ ಧರಿಸಬಲ್ಲದು, ಆದ್ದರಿಂದ ಚಿಕಿತ್ಸೆಯನ್ನು ಮುಂದೂಡಬಾರದು. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬರುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮೊನ್ನೆ ಮರಿ ಅಮ್ಮನ ಮಡಿಲಲ್ಲಿ ಮಲಗಿತ್ತು. ಹಳೆಯ ಗೋಣಿಯ ಮಾತು ತೆಗೆದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಾಯಿಬೆಕ್ಕು ಮೂರು ದಿನ ಅಟ್ಟ ಹತ್ತಿ ಇಳಿದು ಕೂಗುತ್ತಿತ್ತು. ನನಗೂ ಕೇಳುತ್ತಿತ್ತು ಮಗಾ. ಆಗ ಬೇರೆ ದಾರಿ ಗೊತ್ತಿರಲಿಲ್ಲ.”

ಪ್ರಿಯ ಓದುಗರೇ, ಈಗ ನಮಗೆ ಗೊತ್ತಿದೆ. ನಿಮ್ಮ ವಾರ್ಡಿನಲ್ಲಿ ಯಾರಾದರೂ ಗೋಣಿ ಹುಡುಕುತ್ತಿದ್ದರೆ, ದಯವಿಟ್ಟು ಅವರ ಮನೆಗೊಮ್ಮೆ ಹೋಗಿ ಬನ್ನಿ.