ಬಾಖರಾಖ್‌ನಲ್ಲಿ ಇಳಿದಾಗ

ಜರ್ಮನಿಯ ಬಿಂಗೆನ್‌ನಿಂದ ಕೋಬ್ಲೆಂಝ್‌ವರೆಗೆ ರೈನ್ ನದಿ ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಸುಮಾರು 65 ಕಿಲೋಮೀಟರ್ ಉದ್ದದ ಈ ಕಣಿವೆಯಲ್ಲಿ 40ರಷ್ಟು ಕೋಟೆಗಳಿವೆ. 2002ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳಿಗ್ಗೆ ಬಿಂಗೆನ್‌ನಲ್ಲಿ ಹಡಗು ಹತ್ತಿ ಮೇಲಿನ ಅಂತಸ್ತಿನಲ್ಲಿ ಕೂತರೆ ನಾವು ಮಾಡಬೇಕಾದ್ದು ಏನೂ ಇಲ್ಲ. ಕೋಟೆ, ದ್ರಾಕ್ಷಿತೋಟ, ಚರ್ಚಿನ ಗೋಪುರ, ಮತ್ತೆ ಕೋಟೆ, ಎಲ್ಲವೂ ತಾವಾಗಿಯೇ ಎದುರು ಬಂದು ಹಿಂದೆ ಸರಿಯುತ್ತವೆ.

ಮೊದಲು ಸಿಗುವುದು ನದಿಯ ನಡುವಿನ ದ್ವೀಪದಲ್ಲಿರುವ ‘ಇಲಿ ಗೋಪುರ’. ಬರಗಾಲದಲ್ಲಿ ಹಸಿದವರನ್ನು ಕಣಜದಲ್ಲಿ ಕೂಡಿಹಾಕಿ ಸುಟ್ಟ ಬಿಷಪ್ ಹಾಟ್ಟೋನನ್ನು ಇಲಿಗಳು ಇಲ್ಲಿಗೂ ಈಜಿ ಬಂದು ತಿಂದುಹಾಕಿದವಂತೆ. ಕಥೆ ಹಾಗಿರಲಿ, ನಿಜದಲ್ಲಿ ಅದೊಂದು ಸುಂಕದ ಕಟ್ಟೆ. ಮುಂದೆ ಕೌಬ್ ಊರಿನೆದುರು ನೀರಿನ ನಡುವೆಯೇ ನಿಂತಿರುವ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕೋಟೆಯ ಗೋಪುರವನ್ನು 14ನೆಯ ಶತಮಾನದಲ್ಲಿ ಕಟ್ಟಿದ್ದೂ ಸುಂಕಕ್ಕಾಗಿಯೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ನಮ್ಮಲ್ಲಿ ಸುಮ್ಮನೆ ಹೇಳುತ್ತಾರೆಯೇ? ಹೆಂಡ, ಉಪ್ಪು, ಮರ ಹೇರಿಕೊಂಡು ಬಂದ ವ್ಯಾಪಾರಿಗಳು ಇಂಥ ಕಟ್ಟೆಗಳನ್ನು ಒಂದಾದ ಮೇಲೊಂದು ದಾಟಬೇಕಿತ್ತು. ನಮಗೆ ಚಿತ್ರದಂತೆ ಕಾಣುವ ಈ ಗೋಡೆಗಳು ಅವರಿಗೆ ಹೇಗೆ ಕಂಡಿರಬಹುದು!

ಎಲ್ಲ ಗೋಡೆಗಳೂ ಅಷ್ಟು ಹಳೆಯವಲ್ಲ. ಬಂಡೆಯ ತುದಿಗೆ ಅಂಟಿಕೊಂಡಂತಿರುವ ರೈನ್‌ಸ್ಟೈನ್ ಒಂದು ಹಾಳುಕೋಟೆಯಾಗಿತ್ತು. ಪ್ರಷ್ಯಾದ ರಾಜಕುಮಾರ ಫ್ರೀಡ್ರಿಖ್ ಅದನ್ನು 1823ರಲ್ಲಿ ಕೊಂಡು ತನ್ನ ಬೇಸಿಗೆ ಮನೆಯಾಗಿ ಮತ್ತೆ ಕಟ್ಟಿಸಿದ. ಹಳೆಯ ಕಾಲ ಹೇಗಿದ್ದರೆ ಚೆನ್ನ ಎಂದು ಹತ್ತೊಂಬತ್ತನೆಯ ಶತಮಾನ ಕನಸು ಕಂಡಿತೋ ಹಾಗೆ ಅದು ಎದ್ದು ನಿಂತಿದೆ.

ಬಾಖರಾಖ್‌ನಲ್ಲಿ ನಾನು ಇಳಿದೆ. ಮರದ ಚೌಕಟ್ಟಿನ ಓರೆಕೋರೆ ಮನೆಗಳ ಪುಟ್ಟ ಊರು. ಚರ್ಚಿನ ಪಕ್ಕದ ಮೆಟ್ಟಿಲು ಹತ್ತಿದರೆ ವರ್ನರ್ ಚಾಪೆಲ್ ಸಿಗುತ್ತದೆ. ಅದಕ್ಕೆ ಚಾವಣಿಯಿಲ್ಲ. ಕೆಂಪು ಕಲ್ಲಿನ ಎತ್ತರದ ಕಿಟಕಿಗಳಲ್ಲಿ ಗಾಜಿಲ್ಲ, ಆಕಾಶವಿದೆ. 1689ರಲ್ಲಿ ಫ್ರೆಂಚ್ ಸೈನಿಕರು ಮೇಲಿನ ಸ್ಟಾಲೆಕ್ ಕೋಟೆಯನ್ನು ಸಿಡಿಸಿದಾಗ ಉರುಳಿದ ಕಲ್ಲುಗಳು ಇದನ್ನು ಹಾಳುಗೆಡವಿದವು. ಇಡೀ ಕಣಿವೆಯಲ್ಲಿ ಇಷ್ಟು ಚೆಲುವಾದ ಇನ್ನೊಂದು ಪಾಳು ಕಟ್ಟಡವನ್ನು ನಾನು ನೋಡಲಿಲ್ಲ.

ಅದು ಕಟ್ಟಿದ ಕಾರಣ ಮಾತ್ರ ಚೆಲುವಾದದ್ದಲ್ಲ. 1287ರಲ್ಲಿ ವರ್ನರ್ ಎಂಬ ಕೂಲಿ ಹುಡುಗನ ಶವ ಈ ಊರಿನ ಬಳಿ ಸಿಕ್ಕಿತು. ಯೆಹೂದಿಗಳು ತಮ್ಮ ಹಬ್ಬಕ್ಕೆ ರಕ್ತ ಬೇಕೆಂದು ಅವನನ್ನು ಕೊಂದರೆಂದು ಸುದ್ದಿ ಹಬ್ಬಿತು. ಆಧಾರವಿಲ್ಲದ ಆ ಮಾತಿಗೆ ರೈನ್ ಮತ್ತು ಮೋಸೆಲ್ ನದಿಗಳ ದಡದ ಊರುಗಳಲ್ಲಿ ಯೆಹೂದಿಗಳ ಕೊಲೆಗಳಾದವು. ಹುಡುಗ ಸಂತನಾದ, ಅವನ ಹೆಸರಿನಲ್ಲಿ ಈ ಚಾಪೆಲ್ ಎದ್ದಿತು. ಟ್ರಿಯರ್ ಧರ್ಮಪ್ರಾಂತ್ಯ ಅವನ ಹೆಸರನ್ನು ತನ್ನ ಪಂಚಾಂಗದಿಂದ ತೆಗೆದದ್ದು 1963ರಲ್ಲಿ. ಈಗ ಅಲ್ಲಿ ಯೆಹೂದಿಗಳಿಗೆ ಮಾಡಿದ ಅನ್ಯಾಯಕ್ಕೆ ಕ್ಷಮೆ ಬೇಡುವ ಪ್ರಾರ್ಥನೆಯ ಫಲಕವಿದೆ. ಹಡಗಿನಿಂದ ಆ ಫಲಕ ಕಾಣುವುದಿಲ್ಲ, ಕಿಟಕಿಗಳಷ್ಟೇ ಕಾಣುತ್ತವೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಕಾಲದ ದೂರಕ್ಕೂ ಸಲ್ಲುವ ಮಾತು.

ಮುಂದಿನ ಹಡಗು ಹಿಡಿದೆ. ನದಿ ತಿರುಗುವಲ್ಲಿ 132 ಮೀಟರ್ ಎತ್ತರದ ಲೊರೆಲೈ ಬಂಡೆ ಬಂತು. ಧ್ವನಿವರ್ಧಕದಲ್ಲಿ ಹಾಡು ಶುರುವಾಯಿತು. ಬಂಡೆಯ ಮೇಲೆ ಕೂದಲು ಬಾಚಿಕೊಳ್ಳುತ್ತಾ ಹಾಡಿ ಅಂಬಿಗರನ್ನು ಮೈಮರೆಸಿ ಮುಳುಗಿಸುವ ಹೆಣ್ಣಿನ ಹಾಡು. ಪಕ್ಕದಲ್ಲಿದ್ದ ಮುದುಕ ದಂಪತಿ ಮೆಲ್ಲಗೆ ದನಿಗೂಡಿಸಿದರು. 1824ರಲ್ಲಿ ಪ್ರಕಟವಾದ ಈ ಪದ್ಯವನ್ನು ಬರೆದವನು ಹೈನ್‌ರಿಖ್ ಹೈನೆ, ಇದೇ ನದಿಯ ದಡದ ಡ್ಯೂಸೆಲ್‌ಡಾರ್ಫ್‌ನ ಯೆಹೂದಿ ಮನೆಯಲ್ಲಿ ಹುಟ್ಟಿದವನು.

ಅದೇ ವರ್ಷ ಅವನು ‘ಬಾಖರಾಖ್‌ನ ರಬ್ಬಿ’ ಎಂಬ ಕಾದಂಬರಿಯನ್ನೂ ಬರೆಯತೊಡಗಿದ್ದ. ಅದು ಪೂರ್ತಿಯಾಗಲೇ ಇಲ್ಲ. ಬರೆದಷ್ಟು 1840ರಲ್ಲಿ ಅಚ್ಚಾಯಿತು. ಹಬ್ಬದ ರಾತ್ರಿ ರಬ್ಬಿಯ ಮನೆಗೆ ಬಂದ ಇಬ್ಬರು ಅಪರಿಚಿತರು ಮೇಜಿನ ಕೆಳಗೆ ಮಗುವಿನ ಹೆಣವನ್ನು ಬಚ್ಚಿಟ್ಟಿರುತ್ತಾರೆ. ಮುಂದಾಗುವುದನ್ನು ಅರಿತ ರಬ್ಬಿ ಹೆಂಡತಿ ಸಾರಾಳನ್ನು ಕರೆದುಕೊಂಡು ಹೊರಬೀಳುತ್ತಾನೆ. ಇಬ್ಬರೂ ದೋಣಿಯಲ್ಲಿ ಪಾರಾಗುತ್ತಾರೆ. ಬಾಖರಾಖ್‌ಗೆ ನಾನು ಬಂದ ಜಲದಾರಿಯಲ್ಲೇ, ಎದುರು ದಿಕ್ಕಿಗೆ.

ಕಂಗೆಟ್ಟ ಸಾರಾಳನ್ನು ಆ ದೋಣಿಯಲ್ಲಿ ಸಂತೈಸುವುದು ಇದೇ ನದಿ. ಬಾಲ್ಯದಲ್ಲಿ ಕೇಳಿದ ಕಥೆಗಳನ್ನೆಲ್ಲ ರೈನ್ ಅವಳಿಗೆ ನೆನಪಿಸುತ್ತದೆ. ಹಾಗಾದರೆ ಈ ಚೆಲುವು ಪ್ರವಾಸಿಗಳನ್ನು ಸೆಳೆಯಲು ಹಚ್ಚಿದ ಬಣ್ಣವಲ್ಲ. ಓಡಿಹೋಗುತ್ತಿದ್ದವರಿಗೂ ಅದು ಕಂಡಿತ್ತು, ಆ ನೆಲ ಅವರದ್ದೂ ಆಗಿತ್ತು. ಅದೇ ಕಾರಣಕ್ಕೆ ಅವರು ಕಳೆದುಕೊಂಡದ್ದು ಎಷ್ಟೆಂದು ತಿಳಿಯುತ್ತದೆ.

ನೀವು ಆ ಕಡೆ ಹೋದರೆ ಹಡಗಿನಲ್ಲಿ ಲೊರೆಲೈ ಹಾಡು ಕೇಳಿಯೇ ಕೇಳುತ್ತೀರಿ. ಅದಕ್ಕೆ ಮೊದಲು ಬಾಖರಾಖ್‌ನಲ್ಲಿ ಇಳಿದು, ಮುಂದಿನ ಹಡಗು ಬರುವಷ್ಟರಲ್ಲಿ ಆ ಮೆಟ್ಟಿಲು ಹತ್ತಿ ಬನ್ನಿ.