ಟೈ ಬಿಚ್ಚಿಟ್ಟ ಕಾರ್ಲಿನ್

ಸ್ಟ್ಯಾಂಡ್‌ಅಪ್ ಕಾಮಿಡಿ ಅಂದ್ರೆ ಮೈಕ್ ಹಿಡ್ಕೊಂಡು ಕೆಟ್ಟ ಮಾತಾಡೋದು ಅಂತ ನಮ್ಮ ಮನೆಯಲ್ಲಿ ಈಗಲೂ ನಂಬಿದ್ದಾರೆ. ಅವರಿಗೆ ನಾನು ಹೇಳೋದು ಅಮೆರಿಕದ ಜಾರ್ಜ್ ಕಾರ್ಲಿನ್ ಕಥೆ.

1960ರ ದಶಕದಲ್ಲಿ ಕಾರ್ಲಿನ್ ಶುದ್ಧ ಒಳ್ಳೆ ಹುಡುಗ. ಕೋಟು, ಟೈ, ನೀಟಾಗಿ ಬಾಚಿದ ತಲೆ. ದೊಡ್ಡ ಟಿವಿ ಶೋಗಳು, ಲಾಸ್ ವೇಗಸ್ ಹೋಟೆಲ್‌ಗಳಲ್ಲಿ ಕೈತುಂಬ ದುಡ್ಡು. ನಮ್ಮ ಅಮ್ಮಂದಿರ ಭಾಷೆಯಲ್ಲಿ ‘ಸೆಟ್ಲ್’ ಆಗಿದ್ದ. ಆದರೆ ಹುಡುಗರೆಲ್ಲ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದಾಗ, ತಾನು ಅವರ ಅಪ್ಪ-ಅಮ್ಮಂದಿರನ್ನು ನಗಿಸ್ತಾ ಕೂತಿದ್ದೀನಲ್ಲ ಅನ್ನೋದು ಅವನನ್ನು ಕೊರೆಯಿತು. 1970ರ ಹೊತ್ತಿಗೆ, ಮೂವತ್ತು ದಾಟಿದ ಮೇಲೆ, ಟೈ ಬಿಚ್ಚಿಟ್ಟು ಗಡ್ಡ ಬಿಟ್ಟ. ವೇಗಸ್ ಕೆಲಸ ಹೋಯಿತು. ಕಾಲೇಜು, ಕಾಫಿಹೌಸ್‌ಗಳಲ್ಲಿ ಮತ್ತೆ ಶುರು ಮಾಡಿದ.

ಟಿವಿಯಲ್ಲಿ ಹೇಳಲೇಬಾರದ ಏಳು ಪದಗಳ ಬಗ್ಗೆ ಅವನದೊಂದು ಐಟಂ ಇತ್ತು. 1972ರಲ್ಲಿ ಅದನ್ನು ಮಿಲ್ವಾಕಿಯಲ್ಲಿ ಹೇಳಿದ್ದಕ್ಕೆ ಪೊಲೀಸರು ಹಿಡಿದರು. ಕೇಸ್ ಕೊನೆಗೆ ವಜಾ ಆಯಿತು. ಮರುವರ್ಷ ಅಂಥದ್ದೇ ಐಟಂ ಅನ್ನು ನ್ಯೂಯಾರ್ಕ್‌ನ ರೇಡಿಯೊವೊಂದು ಹಗಲಲ್ಲೇ ಹಾಕಿತು. ಆ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮಕ್ಕಳು ಕೇಳುವ ಹೊತ್ತಿನಲ್ಲಿ ಇಂಥದ್ದಕ್ಕೆ ಸರ್ಕಾರ ಕಡಿವಾಣ ಹಾಕಬಹುದು ಅಂತ 1978ರಲ್ಲಿ 5-4ರ ತೀರ್ಪು ಬಂತು. ಕಾರ್ಲಿನ್ ಅಂದ್ರೆ ಜನರಿಗೆ ನೆನಪಾಗೋದು ಇದೇ.

ನನಗೆ ಹಿಡಿಸಿದ್ದು ಬೇರೆ. ಆ ಏಳು ಪದಗಳನ್ನೇ ಜೀವನಪೂರ್ತಿ ಮಾರಿಕೊಂಡು ಆರಾಮಾಗಿ ಇರಬಹುದಿತ್ತು. ಹಾಗೆ ಮಾಡಲಿಲ್ಲ. 1977ರಿಂದ 2008ರವರೆಗೆ ಎಚ್‌ಬಿಒಗೆ 14 ಸ್ಪೆಷಲ್ ಕೊಟ್ಟ. ಒಂದು ರೆಕಾರ್ಡ್ ಆದ ಮೇಲೆ ಆ ಜೋಕುಗಳನ್ನು ಪಕ್ಕಕ್ಕಿಟ್ಟು ಹೊಸದು ಬರೆಯೋದು ಅವನ ರೂಢಿ. ಹೊಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆದು ವಿಷಯವಾರು ಜೋಡಿಸಿಡುತ್ತಿದ್ದ. ಸ್ಟೇಜ್ ಮೇಲೆ ಬಾಯಿಗೆ ಬಂದದ್ದನ್ನು ಒದರುವವನ ಹಾಗೆ ಕಂಡವನು ಒಳಗೆ ಪಕ್ಕಾ ಶಿಸ್ತಿನ ಕೆಲಸಗಾರ. ಕೊನೆಯ ಸ್ಪೆಷಲ್ ಬಂದದ್ದು 2008ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ತೀರಿಕೊಂಡ, 71ನೇ ವಯಸ್ಸಿಗೆ.

ಹಾಗಂತ ಇದೇನು ಮೋಟಿವೇಶನ್ ಪೋಸ್ಟರ್ ಅಲ್ಲ. ಕೊಕೇನ್ ಚಟ, ವರ್ಷಗಟ್ಟಲೆ ಕಾಡಿದ ತೆರಿಗೆ ಬಾಕಿ, ಹೃದಯಾಘಾತ ಎಲ್ಲವೂ ಅವನ ಪಾಲಿಗಿದ್ದವು.

ನನಗೂ ಮೂವತ್ತು. ಹೋಮ್ ಲೋನ್ ಇದೆ, ಕಣ್ಮುಚ್ಚಿ ಮಾಡಬಲ್ಲ ಕೆಲಸವೂ ಇದೆ. ನಾಳೆನೇ ರಾಜೀನಾಮೆ ಬಿಸಾಕೋ ಧೈರ್ಯ ನನಗಿಲ್ಲ, ನಿಮಗೂ ಅದನ್ನು ಹೇಳಲ್ಲ. ಆದರೆ ಪ್ರತಿ ಅಪ್ರೈಸಲ್‌ಗೂ ಹಳೇ ಸಾಧನೆಯನ್ನೇ ತೊಳೆದು ಇಸ್ತ್ರಿ ಮಾಡಿ ತೋರಿಸೋದನ್ನಾದ್ರೂ ನಿಲ್ಲಿಸಬಹುದು. ಈ ವರ್ಷ ಹೊಸದೇನು ಕಲಿತೆ ಅಂತ ಬಾಸ್ ಕೇಳೋ ಮುಂಚೆ ನಾವೇ ಕೇಳ್ಕೊಂಡ್ರೆ ಒಳ್ಳೇದು, ಅಲ್ವಾ?