ಪೆನ್ನು ಅವರ ಕೈಯಲ್ಲೇ ಇರಲಿ

ಕಾಲೇಜಿನ ಮೊದಲ ವರ್ಷ ನಮ್ಮ ಮಕ್ಕಳು ಎಡವುವುದು ಗಣಿತದಲ್ಲಿ ಎಂದು ಮನೆಯವರು ತಿಳಿದಿರುತ್ತಾರೆ. ನಾನು ಎಡವಿದ್ದು ಬರವಣಿಗೆಯಲ್ಲಿ.

ಹೊಸೂರಿನಲ್ಲಿ ಉಪ್ಪನ ಅಂಗಡಿ ಇತ್ತು. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಅಲ್ಲೇ ಹತ್ತಿರದ ಒಂದು ಪಾಲಿಟೆಕ್ನಿಕ್‌ಗೆ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು. ಮಾತಿಗೆ ಎಲ್ಲೂ ತೊಂದರೆ ಆಗಲಿಲ್ಲ. ಆದರೆ ಲ್ಯಾಬ್ ರೆಕಾರ್ಡ್ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಎಲ್ಲರ ಹಾಗೆ ನಾನೂ ಹಳೆಯ ರೆಕಾರ್ಡ್ ತಂದು ನಕಲು ಮಾಡುತ್ತಿದ್ದೆ. ಮೇಷ್ಟ್ರ ಹತ್ತಿರ ಕೇಳಲು ನಾಚಿಕೆ.

ಒಂದು ವರ್ಷ ಮುಂದಿದ್ದ ಹುಡುಗನೊಬ್ಬ ಇದನ್ನು ನೋಡಿದ. ಬಾಗಲೂರು ಕಡೆಯವನು, ಮನೆಮಾತು ತೆಲುಗು. ಅವನ ಇಂಗ್ಲಿಷೂ ಅಷ್ಟಕ್ಕಷ್ಟೇ. ನನ್ನ ಮುಂದಿದ್ದ ಹಳೆಯ ರೆಕಾರ್ಡ್ ಮುಚ್ಚಿಸಿ, "ಸ್ಕ್ರೂಗೇಜಿನಲ್ಲಿ ತಂತಿ ಅಳೆದೆಯಲ್ಲಪ್ಪಾ, ಒಂದೇ ಕಡೆ ಅಳೆದ್ರೆ ಸಾಕಾಗ್ತಿರಲಿಲ್ವಾ?" ಎಂದು ಕೇಳಿದ. "ತಂತಿ ಎಲ್ಲ ಕಡೆ ಒಂದೇ ದಪ್ಪ ಇರಲ್ಲ ಅಣ್ಣಾ, ಅದಕ್ಕೆ ಮೂರು ಕಡೆ ಅಳೆದೆ" ಅಂದೆ. "ಅದನ್ನೇ ಬರಿ" ಎಂದ. ಬರೆದೆ. ಎರಡು ತಪ್ಪಿದ್ದವು. ಅವನು ಬೆರಳಿಟ್ಟು ತೋರಿಸಿದ, ತಿದ್ದಿದವನು ನಾನೇ. ಇಂಗ್ಲಿಷಿನಲ್ಲಿ ನಾನು ಬರೆದ ಮೊದಲ ಸ್ವಂತ ವಾಕ್ಯ ಅದು.

ಮರುವರ್ಷ ನಾನು ಸೀನಿಯರ್ ಆದೆ. ನಮ್ಮ ಊರಿನದೇ ಬ್ಯಾರಿ ಹುಡುಗನೊಬ್ಬ ವರ್ಕ್‌ಶಾಪ್ ರೆಕಾರ್ಡ್ ಹಿಡಿದು ಬಂದ. "ಕಾಕ, ನನಗೆ ಬರುವುದಿಲ್ಲ, ನೀವೇ ಬರೆದುಕೊಡಿ" ಎಂದ. ನನಗೂ ಅವಸರ, ಸ್ವಲ್ಪ ಜಂಬವೂ ಇತ್ತೆನ್ನಿ. ಒಂದೇ ರಾತ್ರಿಯಲ್ಲಿ ಇಡೀ ರೆಕಾರ್ಡಿನ ವಾಕ್ಯಗಳನ್ನು ಹೇಳಿ ಬರೆಸಿದೆ. ವೈವಾದಲ್ಲಿ ಪರೀಕ್ಷಕರು ಅದರಲ್ಲಿದ್ದ 'ರಿಟರ್ನ್ ಸ್ಟ್ರೋಕ್' ಎಂಬ ಮಾತು ತೋರಿಸಿ, ಏನಿದು ಎಂದು ಕೇಳಿದರಂತೆ. ಹುಡುಗ ತಲೆ ತಗ್ಗಿಸಿ ನಿಂತ. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಒತ್ತಬಾರದು, ಹಲ್ಲು ಕತ್ತರಿಸುವುದು ಮುಂದಕ್ಕೆ ಹೋಗುವಾಗಲೇ ಎನ್ನುವುದು ಅವನ ಕೈಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ರೆಕಾರ್ಡಿನಲ್ಲಿದ್ದ ಮಾತು ಅವನದಾಗಿರಲಿಲ್ಲ, ನನ್ನದಾಗಿತ್ತು. ಆ ಪ್ರಾಕ್ಟಿಕಲ್‌ನಲ್ಲಿ ಅವನು ಫೇಲಾದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಮೇಲೆ ನಾನು ಯಾರ ಪೆನ್ನನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ಅದೇ ಹುಡುಗನ ಜೊತೆ ಮತ್ತೆ ಕುಳಿತೆ. ಬ್ಯಾರಿಯಲ್ಲೇ ಕೇಳಿದೆ, ಅವನು ಬ್ಯಾರಿಯಲ್ಲೇ ಹೇಳಿದ, ಆಮೇಲೆ ಇಂಗ್ಲಿಷಿನಲ್ಲಿ ಬರೆದ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯಿತು. ಎರಡನೇ ಸಲ ಪಾಸಾದ, ಅಲ್‌ಹಮ್ದುಲಿಲ್ಲಾಹ್.

ಇದು ಹೊಸ ವಿದ್ಯೆ ಏನಲ್ಲ. ನಮ್ಮ ಪಳ್ಳಿ ದರ್ಸ್‌ಗಳಲ್ಲಿ ಹಿರಿಯ ಮುತಅಲ್ಲಿಮರು ಕಿರಿಯರನ್ನು ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುವ ಕ್ರಮ ನಮಗೆಲ್ಲ ಗೊತ್ತು. 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡರು. ತಮ್ಮ ಶಾಲೆಯ ಮೇಷ್ಟ್ರುಗಳು ಅದಕ್ಕೆ ಒಪ್ಪದಿದ್ದಾಗ, ಸುಮಾರು ಎಂಟು ವರ್ಷದ ಹುಡುಗನೊಬ್ಬನಿಗೆ ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸ ಕೊಟ್ಟರು. 1797ರಲ್ಲಿ ಅವರು ಈ ಬಗ್ಗೆ ಪುಸ್ತಕ ಪ್ರಕಟಿಸಿದ ಮೇಲೆ ಇಂಗ್ಲೆಂಡಿನಲ್ಲೂ 'ಮದ್ರಾಸ್ ಪದ್ಧತಿ' ಎಂದು ಹೆಸರಾಯಿತು. ಅಮೆರಿಕದ ನ್ಯೂಯಾರ್ಕ್ ನಗರದ ಸರಕಾರಿ ಕಾಲೇಜುಗಳು 1970ರಲ್ಲಿ ಎಲ್ಲರಿಗೂ ಬಾಗಿಲು ತೆರೆದಾಗ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಅನೇಕರು ಬರವಣಿಗೆಯಲ್ಲಿ ಹಿಂದೆ ಬಿದ್ದರು. ಅವರು ಮೇಷ್ಟ್ರ ಸಹಾಯ ಕೇಳಲು ಹಿಂಜರಿಯುತ್ತಿದ್ದರು. ಬ್ರೂಕ್ಲಿನ್ ಕಾಲೇಜಿನ ಕೆನೆತ್ ಬ್ರೂಫಿ ಎಂಬ ಅಧ್ಯಾಪಕರು ಬರವಣಿಗೆಗೆ ಸಹಾಯ ಮಾಡಲು ವಿದ್ಯಾರ್ಥಿಗಳನ್ನೇ ತರಬೇತು ಮಾಡಿದರು. ಕೂತು ಕೇಳಿದವರ ಬರವಣಿಗೆಯೂ ಸುಧಾರಿಸಿತು ಎಂದು ಅವರು ದಾಖಲಿಸಿದ್ದಾರೆ.

ಅದು ನನ್ನ ಅನುಭವವೂ ಹೌದು. ಇಂದು ನನ್ನ ಕೆಲಸದಲ್ಲಿ ಮೆಷಿನ್ ನಿಂತರೆ ರಿಪೋರ್ಟ್ ಬರೆಯಬೇಕು. ಯಾವಾಗ ನಿಂತಿತು, ಏನು ಕಂಡಿತು, ಏನು ಮಾಡಿದೆವು ಎಂದು ಮುಂದಿನ ಶಿಫ್ಟಿನವನಿಗೆ ಓದಿದ ಕೂಡಲೇ ತಿಳಿಯಬೇಕು. ಹಾಗೆ ಬರೆಯುವುದನ್ನು ನನಗೆ ಯಾವ ಕ್ಲಾಸೂ ಕಲಿಸಲಿಲ್ಲ. "ನೀನು ಹೇಳ್ತಿರೋದು ಏನು?" ಎಂದು ಜೂನಿಯರ್‌ಗಳನ್ನು ಕೇಳಿ ಕೇಳಿ, ಅದೇ ಪ್ರಶ್ನೆ ನನ್ನ ಬರಹಕ್ಕೂ ಕೇಳುವ ಅಭ್ಯಾಸ ಆಯಿತು.

ನಮ್ಮ ಮನೆಗಳಲ್ಲಿ ಈಗ ಎರಡನೇ, ಮೂರನೇ ವರ್ಷದಲ್ಲಿ ಓದುವ ಹುಡುಗ ಹುಡುಗಿಯರು ಇದ್ದಾರೆ. ಉಪ್ಪ ಉಮ್ಮಂದಿರಲ್ಲಿ ನನ್ನದೊಂದು ವಿನಂತಿ. ಈ ವರ್ಷ ಕಾಲೇಜು ಸೇರಿದ ತಮ್ಮನೋ ತಂಗಿಯೋ ನೆರೆಮನೆಯ ಮಗುವೋ ಇದ್ದರೆ, ವಾರಕ್ಕೆ ಒಂದು ಗಂಟೆ ಅವರ ಪಕ್ಕ ಕೂರಲು ದೊಡ್ಡವರಿಗೆ ಹೇಳಿ. ಇಂಗ್ಲಿಷ್ ಪಂಡಿತರಾಗಬೇಕಿಲ್ಲ. ಕೇಳಲಿ, ಕಾಯಲಿ, ತಪ್ಪಿದ ಜಾಗ ತೋರಿಸಲಿ.

ಪೆನ್ನು ಮಾತ್ರ ಚಿಕ್ಕವರ ಕೈಯಲ್ಲೇ ಇರಲಿ.